ಎಡ ಅಂಗೈ

ನನ್ನ ಹೆಂಡತಿ ಪಾರ್ವತಿಬಾಯಿ ಬಚ್ಚಲಲ್ಲಿ ಜಾರಿ ಎಡ ಮಣಿಕಟ್ಟು ಮುರಿದುಕೊಂಡಳು. ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಎಲುಬು ಕೂಡಿತ್ತು, ಆದರೆ ಅಂಗೈ ಮೇಲ್ಮುಖ ಆಗುತ್ತಿರಲಿಲ್ಲ. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡೇ ಪೂಜೆ. ಹತ್ತು ವರ್ಷದವಳಿದ್ದಾಗ ದೀಕ್ಷೆ ಪಡೆದವಳು, ಒಂದು ದಿನವೂ ತಪ್ಪಿಸಿದವಳಲ್ಲ. ಈಗ ಇಟ್ಟರೆ ಲಿಂಗ ಜಾರುತ್ತಿತ್ತು. ಹಾಗಾಗಿ ದಿನಾ ಬೆಳಿಗ್ಗೆ ಆಕೆಯ ಕೈಯ ಕೆಳಗೆ ನನ್ನ ಕೈ.

"ಮಂದಿ ಕೈಮ್ಯಾಲ ನಡಿಯೋ ಪೂಜಿ ಪೂಜಿ ಏನ್ರಿ?" ಎಂದು ಕಣ್ಣೀರು ತೆಗೆಯುವಳು. ನಲವತ್ತೊಂದು ವರ್ಷ ಸಂಸಾರ ಮಾಡಿದ ನಾನು ಮಂದಿಯಂತೆ!

ನಮ್ಮೂರು ನ್ಯಾಲ್ಕಲ್‌ನಿಂದ ಜಹೀರಾಬಾದಿಗೆ ದಿನಾ ಜೀಪಿನಲ್ಲಿ ಕುಲುಕಾಡುತ್ತ ಹೋಗುವುದು ಆಗದ ಮಾತು. ಅಲ್ಲಿನ ಫಿಸಿಯೊಥೆರಪಿ ಡಾಕ್ಟರ್ ಸ್ವರೂಪಾ ಕೈ ನೋಡಿ ವ್ಯಾಯಾಮದ ಒಂದು ಹಾಳೆ ಬರೆದುಕೊಟ್ಟರು. "ನಿಮ್ಮ ಕಡೀಕೇ ನನ್ನ ಅಸಿಸ್ಟೆಂಟ್ ಲಾವಣ್ಯ ಅದಾಳ್ರಿ. ಮನೀಗೇ ಬಂದು ಮಾಡಸ್ತಾಳ" ಎಂದರು.

ನನ್ನ ಕಿವಿಗೆ ಬಿದ್ದದ್ದು "ಮಾಡ್ತಾಳ" ಎಂದು. ಮಾಲಿಶ್ ಮಾಡುವವಳು ಅಂದುಕೊಂಡು ಕುಸುಬೆ ಎಣ್ಣೆ ಬಿಸಿ ಮಾಡಿ, ಚಾಪೆ ಹಾಸಿ ಕಾದೆ. ಬಂದ ಲಾವಣ್ಯ ನಮ್ಮೂರಲ್ಲಿ ಕುರಿ ಕಾಯುವ ಅಮೋಘಸಿದ್ದನ ಮಗಳು. ಎಣ್ಣೆಯನ್ನು ಪಕ್ಕಕ್ಕೆ ಸರಿಸಿ, ಅಡುಗೆ ಮನೆಯಿಂದ ಲಟ್ಟಣಿಗೆ ತರಿಸಿ ಪಾರ್ವತಿಯ ಕೈಗೆ ಕೊಟ್ಟಳು.

"ಮೊಳಕೈ ಪಕ್ಕಿಗೆ ಹಚ್ಚಿ ಇದನ್ನ ಮೆಲ್ಲಕ ತಿರುವ್ರಿ ಕಾಕು. ಹತ್ತು ಸಲ."

"ಮತ್ತ ನೀ ಏನು ಮಾಡಾಕ ಬಂದಿ?" ಎಂದೆ.

"ನಾ ಮಾಡಾಕ ಬಂದಿಲ್ಲರಿ ಕಾಕಾ, ಮಾಡಸಾಕ ಬಂದೀನಿ."

ಒಂದು ವಾರ ಸುಮ್ಮನಿದ್ದೆ. ಅಂಗೈ ಅರ್ಧವೂ ತಿರುಗಲಿಲ್ಲ. "ಸ್ವಲ್ಪ ಜೋರು ಹಾಕಿ ತಿರುವವ್ವಾ" ಎಂದೆ.

"ಡಾಕ್ಟರ್ ಬರದಷ್ಟೇರಿ. ಹೆಚ್ಚು ಮಾಡೋದು, ಕಡಿಮಿ ಮಾಡೋದು ಅವರ ಕೈಯಾಗದ. ಕಾಕುಗ ಎಷ್ಟು ತಿರಗತದ, ಎಲ್ಲಿ ನೋಯ್ತದ, ಅದನ್ನ ಅವರಿಗಿ ಮುಟ್ಟಸೋದು ನನ್ನ ಕೆಲಸ."

ಮೊನ್ನೆ ಮೊನ್ನೆ ಹುಟ್ಟಿದ ಹುಡುಗಿ ನನಗೆ ಹೇಳುವವಳು! ಮರುದಿನ ಬೆಳಿಗ್ಗೆ ನಾನೇ ಆ ಮಣಿಕಟ್ಟನ್ನು ಒತ್ತಿ ತಿರುವಿದೆ. ಪಾರ್ವತಿ ಚೀರಿದಳು. ಲಾವಣ್ಯ ಬರುವಷ್ಟರಲ್ಲಿ ಕೈ ಬಾತಿತ್ತು.

ಲಾವಣ್ಯ ಬಯ್ಯಲಿಲ್ಲ. ಕೈ ಮುಟ್ಟಿ ನೋಡಿ, ಲಟ್ಟಣಿಗೆ ಎತ್ತಿಟ್ಟು, ಡಾಕ್ಟರಿಗೆ ಫೋನ್ ಹಚ್ಚಿದಳು. ಅವರು ಕೈ ತೋರಿಸಿಕೊಂಡು ಹೋಗಲು ಹೇಳಿದರು. ಮತ್ತೆ ಜೀಪು. ಎಲುಬಿಗೆ ಏನೂ ಆಗಿರಲಿಲ್ಲ, ನಾಲ್ಕು ದಿನ ವಿಶ್ರಾಂತಿ ಎಂದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಪಾರ್ವತಿಯ ಮೇಲಿನ ಪ್ರೀತಿಯೇ ಹೀಗೆ ಮಾಡಿಸಿತು ಎಂದು ಹೇಳಿಕೊಳ್ಳಲೂ ನಾಚಿಕೆಯಾಯಿತು.

ಐದನೆಯ ದಿನ ಲಾವಣ್ಯ ಮತ್ತೆ ಬಂದಳು. "ಕಾಕಾ, ನಿಮ್ಮ ಕೈ ತಳಗ ಇರೋತನಕ ಕಾಕು ಕೈ ತನ್ನ ಕೆಲಸ ಕಲಿಯಂಗಿಲ್ಲರಿ" ಎಂದಷ್ಟೇ ಹೇಳಿದಳು. ಆಮೇಲೆ ಆಕೆ ಮಾಡಿಸುವಾಗ ನಾನು ನನ್ನ ಎರಡೂ ಕೈ ಕಟ್ಟಿಕೊಂಡು ಕೂರುತ್ತಿದ್ದೆ. ಅದರಷ್ಟು ಕಷ್ಟದ ಕೆಲಸ ನಾನು ಮಾಡಿದ್ದಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಸೋಮವಾರ ಪಾರ್ವತಿ ಪೂಜೆಗೆ ಕುಳಿತಳು. ರೂಢಿಯಂತೆ ನನ್ನ ಕೈ ಮುಂದೆ ಹೋಯಿತು.

"ತಗೀರಿ" ಎಂದಳು.

ತೆಗೆದೆ. ಅಂಗೈ ಸ್ವಲ್ಪ ನಡುಗಿತು, ನಿಂತಿತು. ಲಿಂಗ ಜಾರಲಿಲ್ಲ. ಆಕೆ ನೋಡುತ್ತಲೇ ಕುಳಿತಳು. ನನಗೆ ಖುಷಿಯಾಯಿತು. ಜೊತೆಗೆ, ಸುಳ್ಳೇಕೆ ಹೇಳಲಿ, ಏನೋ ಕಳೆದುಕೊಂಡಂತೆಯೂ ಆಯಿತು. ನಲವತ್ತೊಂದು ವರ್ಷದಲ್ಲಿ ಆಕೆಯ ಕೈಯನ್ನು ಅಷ್ಟು ಹೊತ್ತು ಹಿಡಿದದ್ದು ಈ ತಿಂಗಳುಗಳಲ್ಲೇ.

ಪೂಜೆ ಮುಗಿಸಿ ಪಾರ್ವತಿ ನನ್ನ ಮುಖ ನೋಡಿದಳು. ಬಲಗೈ ಚಾಚಿ, "ಎಬ್ಬಸ್ರಿ" ಎಂದಳು.

ಆಕೆಯ ಕಾಲಿಗೆ ಏನೂ ಆಗಿರಲಿಲ್ಲ.