ಕಚ್ಚಿಕೊಂಡ ಬ್ರೇಕು

ಬೈಕಿನ ಮುಂದಿನ ಚಕ್ರ ಉರುಳಲಿಲ್ಲ. ಯಶೋಧರಾ ಹ್ಯಾಂಡಲ್ ಹಿಡಿದು ಎಳೆದಳು, ಅವಳ ತಮ್ಮ ಗುರು ಹಿಂದಿನಿಂದ ನೂಕಿದ. ಚಕ್ರ ಹಿತ್ತಿಲ ಮಣ್ಣನ್ನು ಗೀರಿತು, ಅಷ್ಟೇ. ಬೆಳಗಿನ ಏಳೂವರೆ. ಹನ್ನೊಂದಕ್ಕೆ ಅವಳು ನಂಜನಗೂಡಿನ ಕೋರ್ಟಿನಲ್ಲಿರಬೇಕಿತ್ತು.

ವರ್ಷದ ಹಿಂದೆ ಇದೇ ಬೈಕನ್ನು ಊರ ಅರಳಿಕಟ್ಟೆಯ ನೆರಳಿಗೆ ನಿಲ್ಲಿಸಿದ್ದಕ್ಕೆ ಮೇಲಿನ ಬೀದಿಯ ನಾಲ್ವರು ಗುರುವಿನ ಬಲಗೈ ಮುರಿದಿದ್ದರು. ಮರಕ್ಕೆ ಇಲ್ಲದ ಜಾತಿ ಅದರ ನೆರಳಿಗಿತ್ತು. ನೋಡಿದ್ದು ಅರ್ಧ ಊರು. ನೋಡಿದೆ ಅಂದವಳು ಯಶೋಧರಾ ಒಬ್ಬಳೇ. ಬಸ್ಸು ನಿಲ್ಲುವುದೂ ಆ ಕಟ್ಟೆಯ ಮುಂದೆಯೇ. ಎರಡು ವಾಯಿದೆಗೂ ಹೊರಟವಳನ್ನು ಅವರ ಕಡೆಯವರು ಅಲ್ಲಿ ಬಸ್ಸು ಹತ್ತಗೊಡಲಿಲ್ಲ. ಮುಟ್ಟಲಿಲ್ಲ, ಬಯ್ಯಲಿಲ್ಲ. ಸುತ್ತ ನಿಂತರು. ಇವತ್ತೂ ಬರದಿದ್ದರೆ ಕಣ್ಣಾರೆ ಕಂಡ ಸಾಕ್ಷಿ ಇಲ್ಲವೆಂದು ಬರೆದು ಮುಗಿಸುತ್ತಾರೆ ಎಂದು ಸರ್ಕಾರಿ ವಕೀಲರು ಫೋನಿನಲ್ಲಿ ಎಚ್ಚರಿಸಿದ್ದರು.

ಉಳಿದಿದ್ದು ಊರ ಹಿಂದಿನ ನಾಲೆ ಏರಿ. ನಡೆದರೆ ಮಧ್ಯಾಹ್ನವಾದೀತು. ಬೈಕಾದರೆ ನಂಜನಗೂಡಿಗೆ ಹೋಗುವ ಕವಲಂದೆ ರಸ್ತೆಗೆ ಅರ್ಧ ಗಂಟೆ. ಆದರೆ ಕೇಸಿಗೆಂದು ಪೊಲೀಸರು ಜಪ್ತಿ ಮಾಡಿದ್ದ ಬೈಕು ಠಾಣೆಯ ಅಂಗಳದಲ್ಲಿ ಒಂದಿಡೀ ಮಳೆಗಾಲ ನೆನೆದು, ಹಿಂದಿನ ವಾರವಷ್ಟೇ ಮನೆಗೆ ಬಂದಿತ್ತು. ನಿನ್ನೆ ಸಂಜೆ ಪರೀಕ್ಷೆಗೆಂದು ಗುರು ಮುಂದಿನ ಬ್ರೇಕನ್ನು ಒಮ್ಮೆ ಬಲವಾಗಿ ಒತ್ತಿದ್ದ. ಕಚ್ಚಿಕೊಂಡ ಬ್ರೇಕು ಬಿಡಲೇ ಇಲ್ಲ. ಊರಿನ ಮೆಕ್ಯಾನಿಕ್ ಈ ಗಾಡಿ ಮುಟ್ಟಿದರೆ ತನ್ನ ಅಂಗಡಿ ಇರುವುದಿಲ್ಲ ಎಂದು ನೆಲ ನೋಡುತ್ತ ಹೇಳಿ ಗುರುವನ್ನು ವಾಪಸು ಕಳಿಸಿದ್ದ.

ಟಿ. ನರಸೀಪುರದಲ್ಲಿ ಗ್ಯಾರೇಜು ಇಟ್ಟಿರುವ ಚಿಕ್ಕಪ್ಪನ ಮಗ ಸಿದ್ಧಾರ್ಥ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ. ವಿಡಿಯೋ ಕಾಲಿನಲ್ಲಿ ಅವನು ಹೇಳಿದಂತೆ ಯಶೋಧರಾ ಎರಡು ಬೋಲ್ಟು ಬಿಚ್ಚಿ ಚಕ್ರದ ಡಿಸ್ಕನ್ನು ಇಕ್ಕಳದಂತೆ ಕಚ್ಚಿಹಿಡಿದಿದ್ದ ಕ್ಯಾಲಿಪರ್ ಕಳಚಿದಳು, ಅದರ ಪ್ಯಾಡು ತೆಗೆದಳು. ಒಳಗೆ ಅಕ್ಕಪಕ್ಕ ಎರಡು ಪಿಸ್ಟನ್, ಬುಡಮೇಲಾದ ಉಕ್ಕಿನ ಬಟ್ಟಲಿನಂತೆ. ಒಂದು ಹೊಳೆಯುತ್ತಿತ್ತು. ಇನ್ನೊಂದರ ಅಂಚಿಗೆ ತುಕ್ಕು ಹತ್ತಿತ್ತು. ಗುರು ಎಡಗೈಯಿಂದ ಬ್ರೇಕಿನ ಲಿವರ್ ಒತ್ತಿದ. ಹೊಳೆಯುವುದು ಛಂಗನೆ ಆಚೆ ಬಿತ್ತು. ಎಣ್ಣೆ ಮಣ್ಣಿಗೆ ಸೋರಿತು. ತುಕ್ಕಿನದು ಕೂದಲೆಳೆಯಷ್ಟೂ ಕದಲಲಿಲ್ಲ.

ಸಿದ್ಧಾರ್ಥ ಆ ಕಡೆಯಿಂದ ಹಣೆ ಚಚ್ಚಿಕೊಂಡ. "ಅಯ್ಯೋ ಅಕ್ಕ, ಸಡ್ಲ ಇರೋದ್ನ ಈಚೆಗೆ ಬಿಟ್ರೆ ಒತ್ತಡ ಎಲ್ಲ ಅದ್ರಲ್ಲೇ ಸೋರೋಯ್ತದೆ. ಅದ್ನ ಒಳಕ್ಕೆ ನೂಕಿ, ಮರದ ತುಂಡು ಕೊಟ್ಟು ಅದುಮಿಡಿ. ಆಗ ಬರ್ದೇ ಇರೋದು ಬತ್ತದೆ. ಬೆರಳು ಅಡ್ಡ ಇಡಬ್ಯಾಡಿ, ಜಜ್ಜೋಯ್ತವೆ."

ಬಾಟಲಿಯಲ್ಲಿ ಬ್ರೇಕ್ ಎಣ್ಣೆ ಮೂರು ಬೆರಳಷ್ಟಿತ್ತು. ಇನ್ನೊಂದು ಸಲ ಚೆಲ್ಲಿದರೆ ಮುಗಿಯಿತು. ಒಳ್ಳೆಯ ಪಿಸ್ಟನ್ನನ್ನು ಒರೆಸಿ ಹಿಂದಕ್ಕೆ ಕೂರಿಸಿ, ಮುರಿದ ಸೌದೆಯ ತುಂಡು ಒತ್ತಿಟ್ಟು, ಯಶೋಧರಾ ಎರಡೂ ಅಂಗೈ ಊರಿ ಕೂತಳು. ಗುರು ಮೇಲಿನ ಡಬ್ಬಿಗೆ ಎಣ್ಣೆ ಸುರಿದು ಲಿವರ್ ಒತ್ತತೊಡಗಿದ. ಹತ್ತಿಪ್ಪತ್ತು ಸಲ ಒತ್ತಿದ ಮೇಲೆ ಲಿವರ್ ಬಿಗಿಯಾಯಿತು.

ಆಗಲೇ ಮುಂಬಾಗಿಲಲ್ಲಿ ಬುಲೆಟ್ ನಿಂತ ಸದ್ದು.

ಮಧುಕುಮಾರ್. ಕೈ ಮುರಿದ ನಾಲ್ವರಲ್ಲಿ ಮೊದಲನೆಯವನ ತಮ್ಮ, ಇಪ್ಪತ್ತೈದರವನು. ಅರವತ್ತು ದಾಟಿದ ಅವ್ವನನ್ನು ಹೆಸರು ಹಿಡಿದು ಕೂಗಿದ. ಮರಿತಾಯಮ್ಮ ಸೆರಗಿಗೆ ಕೈ ಒರೆಸುತ್ತ ಎದ್ದು ಹೋದಳು. ಹಿತ್ತಿಲಲ್ಲಿ ಅಕ್ಕ ತಮ್ಮ ಇದ್ದ ಹಾಗೇ ಉಳಿದರು. ಗುರು ಒತ್ತಿದ ಲಿವರ್ ಬಿಡಲಿಲ್ಲ.

"ಏನ್ ಮರಿತಾಯಿ, ಮಗಳು ಮನೇಲವ್ಳಾ?"

"ಅವ್ಳೆ, ಬುದ್ಧಿ."

ಆ ಮಾತಿಗೆ ಯಶೋಧರಾ ತಲೆ ಎತ್ತಿದಳು. ಇನ್ನು ಮೇಲಿನ ಬೀದಿಯ ಯಾರನ್ನೂ ಒಡೆಯರೆಂಬಂತೆ ಬುದ್ಧಿ ಅನ್ನುವುದಿಲ್ಲ ಎಂದು ಕೇರಿಯ ಸಂಘದ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಂತು ಹೇಳಿದ್ದು ಅವ್ವನೇ. ಹೊರಗೆ ಮಧುಕುಮಾರ್ ಮೆಲ್ಲಗೆ, ಪ್ರೀತಿಯಿಂದಲೇ ಮಾತಾಡುತ್ತಿದ್ದ. ನಂಜನಗೂಡಿಗೆ ಹೋಗುವುದಿದ್ದರೆ ತನ್ನ ಕಾರಿದೆಯಂತೆ, ಬಿಡುತ್ತಾನಂತೆ. ಹೆಣ್ಣುಮಕ್ಕಳು ಒಬ್ಬೊಬ್ಬರೇ ಓಡಾಡುವ ಕಾಲವಲ್ಲವಂತೆ ಇದು.

ಟಪ್ ಅಂತು. ತುಕ್ಕಿನ ಪಿಸ್ಟನ್ ಹಾರಿ ಬಂದು ಯಶೋಧರಾಳ ಮೊಣಕೈಗೆ ಬಡಿಯಿತು. ಎಣ್ಣೆ ಕೆನ್ನೆಗೆ ಸಿಡಿಯಿತು.

"ಅದೇನ್ ಸದ್ದು?"

ಅವ್ವನ ದನಿ ಕೇಳಿತು. "ಗಾಡಿ ರಿಪೇರಿ ಬುದ್ಧಿ. ನಾಲೆ ಏರಿ ಮೇಲೆ ಓಯ್ತೀವಿ ಅಂತಾವ್ರೆ. ಬ್ಯಾಡ ಅಂದೆ. ನನ್ ಮಾತ ಯಾರ್ ಕೇಳಾರು?"

ಬುಲೆಟ್ ಹೊರಟುಹೋಯಿತು. ಗುರು ಲಿವರ್ ಬಿಟ್ಟ. ಹೆದರಿದ ಅವ್ವ ತಮ್ಮನ್ನು ಒಪ್ಪಿಸಿಬಿಟ್ಟಳು ಎಂದುಕೊಂಡ ಯಶೋಧರಾಳಿಗೆ ಅಳುವೂ ಬರಲಿಲ್ಲ.

ಮರಿತಾಯಮ್ಮ ಒಳಗಿಂದ ಬಂದವಳು ಅವರ ಮುಖ ನೋಡಿದಳು. "ಅಂಗ್ಯಾಕ್ ನೋಡೀರಿ? ಬಿರ್ನೆ ಜೋಡ್ಸಿ. ಕಟ್ಟೇಲಿರೋರೆಲ್ಲ ಈಗ ಏರಿ ಕಾಯಕ್ಕೆ ಓಯ್ತಾರೆ. ನೀವು ಕಟ್ಟೆ ಮುಂದ್ಲಿಂದ್ಲೇ ಓಗಿ."

"ನೀನು ಬುದ್ಧಿ ಅಂದ್ಯಲ್ಲವ್ವ."

"ಅನ್ದೇ ಇದ್ರೆ ಅವ್ನು ನಂಬ್ತಿದ್ನಾ?"

ಯಶೋಧರಾ ಮರಳು ಕಾಗದದಲ್ಲಿ ತುಕ್ಕು ಉಜ್ಜಿದಳು, ಪಿಸ್ಟನ್ನಿಗೆ ಎಣ್ಣೆ ಸವರಿ ಹೆಬ್ಬೆರಳಲ್ಲಿ ಒಳಕ್ಕೆ ತಳ್ಳಿದಳು. ಪ್ಯಾಡು ಕೂರಿಸಿ, ಬೋಲ್ಟು ಬಿಗಿದು, ಸಿದ್ಧಾರ್ಥ ಹೇಳಿದ ಹಾಗೆ ಒಳಗಿನ ಗಾಳಿ ಬಿಡಿಸುವಷ್ಟರಲ್ಲಿ ಒಂಬತ್ತೂಮುಕ್ಕಾಲು. ಬಾಟಲಿಯಲ್ಲಿ ಉಳಿದಿದ್ದ ಎಣ್ಣೆ ಪೂರ್ತಿ ಸಾಲಲಿಲ್ಲ. ಲಿವರ್ ಮೆತ್ತಗೇ ಇತ್ತು. ಅವ್ವನೂ ಬರಲಿ ಎಂದು ಗುರು ಅಂಗಲಾಚಿದ. ಮೂವರು ಹತ್ತಿದರೆ ಆ ಬ್ರೇಕು ನಿಲ್ಲಿಸುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು. ಮರಿತಾಯಮ್ಮ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಕಟ್ಟೆಯ ಮೇಲೆ ಒಂದು ನಾಯಿ ಮಲಗಿತ್ತು. ಬೇರೆ ಯಾರೂ ಇರಲಿಲ್ಲ. ಯಶೋಧರಾ ತಲೆ ತಿರುಗಿಸದೆ ದಾಟಿದಳು. ಬೆನ್ನ ಹಿಂದೆ ಕೂತ ಗುರು ಎಡಗೈಯಲ್ಲಿ ಅವಳ ಭುಜ ಹಿಡಿದಿದ್ದ. ಕವಲಂದೆ ರಸ್ತೆಯ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ನಿಂತಿತ್ತು. ಲಿವರ್ ಹಿಡಿದಳು, ಅದು ಹ್ಯಾಂಡಲ್ಲಿಗೆ ಹತ್ತಿಕೊಳ್ಳುವಷ್ಟು ಒಳಕ್ಕೆ ಹೋಯಿತು, ಮತ್ತೆ ಹಿಡಿದಳು, ಕಚ್ಚಿತು. ಟ್ರೈಲರಿಗೆ ಮೊಳದ ಅಂತರದಲ್ಲಿ ಬೈಕು ನಿಂತಿತು.

ಕೋರ್ಟಿನಲ್ಲಿ ಜವಾನ ಅವಳ ಹೆಸರನ್ನು ಮೂರು ಸಲ ಕೂಗಿದ. ಕಟಕಟೆ ಹತ್ತುವ ಮೊದಲು ಮನೆಗೆ ನಾಲ್ಕು ಸಲ ಫೋನು ಮಾಡಿದ್ದಳು. ಅವ್ವ ಎತ್ತಿರಲಿಲ್ಲ. ಏರಿ ಕಾದವರಿಗೆ ಈಗ ಎಲ್ಲ ತಿಳಿದಿರುತ್ತದೆ, ತಿರುಗಿ ಬಂದಿರುತ್ತಾರೆ. ಎದುರಿಗೆ ಆ ನಾಲ್ವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಿಂತಿದ್ದರು. ತಮ್ಮನ ಕೈ ಮುರಿದವರು ಇಲ್ಲಿದ್ದರೆ ತೋರಿಸು ಎಂದು ವಕೀಲರು ಕೇಳಿದರು. ಮೊದಲನೆಯವನು, ಮಧುಕುಮಾರನ ಅಣ್ಣ, ಅವಳನ್ನೇ ನೋಡಿ ಸಣ್ಣಗೆ ನಕ್ಕ, ಅವಳ ಮನೆಯ ಬಾಗಿಲಲ್ಲಿ ಈಗ ಏನಾಗುತ್ತಿದೆ ಎಂದು ಬಲ್ಲವನ ಹಾಗೆ.

ಯಶೋಧರಾ ಎಣ್ಣೆ ಮೆತ್ತಿದ ಕೈ ಎತ್ತಿದಳು. ನಾಲ್ವರ ಕಡೆ ಬೆರಳು ಚಾಚಿದಳು. ಯಾರ ಕಡೆ ತೋರಿಸುತ್ತಿದ್ದೀರಿ, ಬಾಯಲ್ಲಿ ಹೇಳಿ ಎಂದರು ನ್ಯಾಯಾಧೀಶರು.

ಅವಳು ಒಂದೊಂದೇ ಹೆಸರು ಹೇಳತೊಡಗಿದಳು.