ಸಿಗ್ನಲ್ ಸಿಕ್ಕ ಜಗಲಿ

"ನಿಮ್ಮ ಅಪ್ಪ ಇಟ್ಟ ಸರ್ವರಾ ಇದು, ಕರೆದ ಕೂಡಲೇ ಬರ್ಲಿಕ್ಕೆ?" ರೇಷನ್ ಅಂಗಡಿಯ ಲತೇಶ್ ಹೆಬ್ಬೆರಳು ಒತ್ತುವ ಮಷಿನನ್ನು ತಲೆಯ ಮೇಲೆ ಎತ್ತಿ ಹಿಡಿದು ಅಂಗಳದಲ್ಲಿ ಸುತ್ತುತ್ತಿದ್ದ. "ಬಿಟ್ಟಿ ಅಕ್ಕಿಗೆ ಬಂದವರು ಬಾಯಿ ಮುಚ್ಚಿ ನಿಲ್ಬೇಕು. ಬೇವರ್ಸಿಗಳು."

ನಾವು ಬೆಳಿಗ್ಗೆ ಏಳರಿಂದ ಬಾಯಿ ಮುಚ್ಚಿಯೇ ನಿಂತಿದ್ದೆವು. ಈಗ ಹನ್ನೊಂದಾಗಿತ್ತು. ತಿಂಗಳ ಕೊನೆಯ ದಿನ ಅದು. ಇವತ್ತು ಹೆಬ್ಬೆರಳು ಒತ್ತದಿದ್ದರೆ ಈ ತಿಂಗಳ ಅಕ್ಕಿ ಹೋಯಿತೆಂದೇ ಲೆಕ್ಕ. ಕಾಲನಿಯಿಂದ ನಾವು ಬಂದದ್ದು ಇದು ನಾಲ್ಕನೆಯ ಸಲ. ಬಂದ ದಿನವೆಲ್ಲ ಬೀಡಿ ಕಟ್ಟುವುದು ಬಂದ್.

ಅಂಗಡಿ ಇದ್ದದ್ದು ಪುಂಜಾಲಕಟ್ಟೆಯಿಂದ ಮೂರು ಕಿಲೋಮೀಟರ್ ಒಳಗೆ, ಒಂದು ಗುಂಡಿಯಂಥ ಜಾಗದಲ್ಲಿ. ಕಟ್ಟಡವು ಅಂಗಡಿ ನಡೆಸುವ ಸೊಸೈಟಿಯ ಅಧ್ಯಕ್ಷ ದೇವಿಪ್ರಸಾದ್ ದಣಿಯದು. ಹಿಂದೆ ಅವರು ಅದರಲ್ಲಿ ಗೊಬ್ಬರದ ಚೀಲ ಇಡುತ್ತಿದ್ದರು. ರಸ್ತೆ ಬದಿಯಲ್ಲಿ ಹಾಲಿನ ಡಿಪೋದ ಪಕ್ಕ ಪಂಚಾಯತಿನ ಕೋಣೆ ಖಾಲಿ ಬಿದ್ದಿದ್ದರೂ ರೇಷನ್ ಅಂಗಡಿ ಮಾತ್ರ ಈ ಗುಂಡಿ ಬಿಟ್ಟು ಏಳಲಿಲ್ಲ. ಬಾಡಿಗೆ ಯಾರ ಕಿಸೆಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳುವವರು ಇರಲಿಲ್ಲ.

ಸಾಲಿನಲ್ಲಿ ನನ್ನ ಮುಂದೆ ಇದ್ದವಳು ರಾಜೀವಿ. ನಮ್ಮ ಕಾಲನಿಯವಳೇ, ಐವತ್ತಾರು ವರ್ಷದವಳು. ಇಪ್ಪತ್ತೆರಡು ವರ್ಷ ದಣಿಯ ಮನೆಯ ಅಂಗಳ ಗುಡಿಸಿದವಳು. ನನ್ನ ಹಿಂದೆ ಸೈನಬ, ಫರಂಗಿಪೇಟೆಯಿಂದ ಇಲ್ಲಿಗೆ ಮದುವೆಯಾಗಿ ಬಂದವಳು, ಅವಳ ಬಾಯಿಗೆ ಊರೇ ಹೆದರುತ್ತಿತ್ತು. ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಡೊಂಬಯ್ಯಜ್ಜ ಮೊಯಿದಿನಬ್ಬನ ಗೂಡ್ಸ್ ಆಟೋದ ಹಿಂದೆ ಕಾಲು ಚಾಚಿ ಕುಳಿತಿದ್ದರು.

ಆಗ ದಣಿಯ ಜೀಪು ಬಂದು ನಿಂತಿತು. ದಣಿ ಇಳಿದು ಮೊದಲು ನೋಡಿದ್ದು ಅಜ್ಜನನ್ನು.

"ಏ ಡೊಂಬ, ನೀನಿನ್ನೂ ಉಂಟಾ? ಎಷ್ಟು ತಿಂತಿ ಮಾರಾಯ, ಸರ್ಕಾರಕ್ಕೂ ಸಾಕಾಯ್ತು ನಿನಗೆ ಹಾಕಿ ಹಾಕಿ."

ಲತೇಶ್ ನಕ್ಕ. ಅಜ್ಜ ಟವೆಲಿನಲ್ಲಿ ಮುಖ ಒರೆಸಿಕೊಂಡರು.

"ಇಲ್ಲಿ ಸರ್ವರ್ ಸಿಗುದಿಲ್ಲ ದಣಿ," ಎಂದಳು ರಾಜೀವಿ. "ಅಂಗಡಿಯನ್ನು ರಸ್ತೆ ಬದಿಗೆ ಹಾಕಿದ್ರೆ ಈ ಕಷ್ಟ ಇರ್ತಿರಲಿಲ್ಲ."

"ಹಾಕುವ, ಹಾಕುವ. ನಿನ್ನ ಮನೆಯೊಳಗೇ ಹಾಕುವ. ಆದ್ರೆ ನಿನ್ನದು ಮನೆಯಾ ಕೋಳಿಗೂಡಾ? ಎರಡು ಮೂಟೆ ಇಟ್ರೆ ನೀನು ಹೊರಗೆ ಮಲಗ್ಬೇಕು." ದಣಿ ಕಿಸೆಯಿಂದ ಫೋನು ತೆಗೆದು ನೋಡಿದರು, ಅದನ್ನು ಕುಲುಕಿದರು. "ಥೂ, ಬ್ಯಾಂಕಿನವರ ಕಾಲ್ ಬರ್ಲಿಕ್ಕುಂಟು. ಈ ಗುಂಡಿಯಲ್ಲಿ ಎಂಥದೂ ಸಿಗುದಿಲ್ಲ. ಮನೆಯ ಜಗಲಿಯಲ್ಲೇ ಕೂತು ಮಾತಾಡ್ಬೇಕು."

ಜೀಪು ಹೊರಟುಹೋಯಿತು.

ರಾಜೀವಿ ನನ್ನ ಕಡೆ ತಿರುಗಿದಳು. "ಕೇಳಿದಿಯಾ ಕಾಂತಿ? ಜಗಲಿಯಲ್ಲಿ ಸಿಗ್ತದಂತೆ."

"ಸಿಗ್ತದೆ, ಅದಕ್ಕೆ?"

"ಹೋಗುವ."

ನನಗೆ ಅರ್ಥವಾಗುವ ಮೊದಲೇ ಸೈನಬಳಿಗೆ ಅರ್ಥವಾಗಿತ್ತು. ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಮೊಯಿದಿನಬ್ಬಾಕ, ಆಟೋ ಈ ಕಡೆ ರಿವರ್ಸ್ ತೆಗೀರಿ. ಮೂಟೆ ಹಾಕ್ಲಿಕ್ಕುಂಟು," ಎಂದಳು.

ಲತೇಶ್ ಬಾಗಿಲಿಗೆ ಅಡ್ಡ ನಿಂತ. "ಏ ಏ, ಎಲ್ಲಿಗೆ? ಮಷಿನ್ ಹೊರಗೆ ಹೋಗುವ ಹಾಗಿಲ್ಲ. ನನ್ನ ಕೆಲಸ ಹೋಗ್ತದೆ. ಮತ್ತೆ, ನನ್ನ ಬೆರಳು ಒತ್ತದಿದ್ರೆ ಅದು ತೆರೆಯುದೇ ಇಲ್ಲ."

"ಹಾಗಾದ್ರೆ ಬೆರಳನ್ನೂ ಕರ್ಕೊಂಡು ಹೋಗುವ," ಎಂದಳು ಸೈನಬ. "ನೀನು ಅದರ ಹಿಂದೆ ಬಾ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾಲ್ಕು ತಾಸು ನಿಂತು ಸೋತ ಕಾಲುಗಳಿಗೆ ಆ ನಗುವಿನಿಂದ ಜೀವ ಬಂತು. ಹೆಂಗಸರೇ ಮೂಟೆಗಳನ್ನು ಎತ್ತಿ ಆಟೋಕ್ಕೆ ಹಾಕಿದೆವು. ತಕ್ಕಡಿಯನ್ನು ಡೊಂಬಯ್ಯಜ್ಜ ಮೊಮ್ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡರು. ಲತೇಶ್ ಮಷಿನನ್ನು ಎದೆಗೆ ಅವಚಿಕೊಂಡು, ಬಯ್ಯುತ್ತ ಬಯ್ಯುತ್ತ ನಮ್ಮ ನಡುವೆಯೇ ನಡೆದ. ಏರು ಹತ್ತುವಾಗ ಅವನಿಗೆ ಉಸಿರು ಕಟ್ಟಿ ಬೈಗಳೂ ನಿಂತವು.

ದಣಿಯ ಅಂಗಳದಲ್ಲಿ ನಲವತ್ತು ಮಂದಿ ನಿಂತಾಗ ಜಗಲಿಯಲ್ಲಿ ಫೋನು ಹಿಡಿದಿದ್ದ ದಣಿ ಎದ್ದೇ ನಿಂತರು. ಅವರ ಹೆಂಡತಿ ಶ್ರೀಪ್ರಿಯಮ್ಮ ಒಳಗಿನಿಂದ ಬಂದು ಬಾಗಿಲಿನಲ್ಲೇ ಉಳಿದರು.

"ಎಂಥದಿದು ಲತೇಶಾ?"

"ಸರ್ವರ್ ಹುಡುಕ್ಲಿಕ್ಕೆ ಬಂದದ್ದು ದಣಿ," ಎಂದಳು ರಾಜೀವಿ. "ನೀವೇ ಹೇಳಿದ್ರಲ್ಲ, ಇಲ್ಲಿ ಸಿಗ್ತದೆ ಅಂತ."

ದಣಿ ಮೆಟ್ಟಿಲಿಗೆ ಕೈ ಅಡ್ಡ ಹಿಡಿದರು. "ಅಲ್ಲೇ ನಿಲ್ಲಿ. ಅಂಗಳದಲ್ಲೇ. ಮೇಲೆ ಯಾರೂ ಹತ್ತಬೇಡಿ."

ಲತೇಶ್ ಅಂಗಳದಲ್ಲಿ ಮಷಿನ್ ತೆರೆದ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ತುಳಸಿಕಟ್ಟೆಯ ಹತ್ತಿರ ಹೋದ. ಅಲ್ಲೂ ಚಕ್ರ. ಜಗಲಿಯ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟಾಗ ಸಿಗ್ನಲಿನ ಒಂದು ಕಡ್ಡಿ ಬಂತು. ಮೂರನೆಯ ಮೆಟ್ಟಿಲಿಗೆ ನಾಲ್ಕೂ ಕಡ್ಡಿ.

"ಬಂತು," ಎಂದ ಅವನು. ಅವನಿಗೇ ತಿಳಿಯದೆ ಅವನ ಮುಖ ಅರಳಿತ್ತು.

ರಾಜೀವಿ ಚಪ್ಪಲಿ ಬಿಟ್ಟಳು. ಇಪ್ಪತ್ತೆರಡು ವರ್ಷ ಅವಳು ಈ ಮೆಟ್ಟಿಲುಗಳನ್ನು ಕೆಳಗಿನಿಂದ ಗುಡಿಸಿದ್ದಳು. ಅವಳಿಗೆ ಚಹಾ ಕೊಡುತ್ತಿದ್ದದ್ದು ದನದ ಹಟ್ಟಿಯ ಹಿಂದೆ. ಇವತ್ತು ಅವಳು ಒಂದೊಂದಾಗಿ ಮೂರು ಮೆಟ್ಟಿಲು ಹತ್ತಿದಳು. ಅವಳು ಮೇಲೆ ನಿಂತು ಹಿಂದಿರುಗಿ ನೋಡಿದಾಗ ನಾನೂ ಹತ್ತಿದೆ. ಆಮೇಲೆ ಯಾರೂ ಯಾರನ್ನೂ ಕರೆಯಬೇಕಾಗಲಿಲ್ಲ. ಮೊಯಿದಿನಬ್ಬ ಅಜ್ಜನನ್ನು ಎತ್ತಿ ತಂದು, ಬೇರೆ ಜಾಗ ಕಾಣದೆ, ದಣಿಯ ಉದ್ದ ಕೈಯ ಕುರ್ಚಿಯಲ್ಲಿ ಕೂರಿಸಿದ. ಅಜ್ಜ ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲೆ ಚಾಚಿ, "ಹಾ, ಸೊಂಟಕ್ಕೆ ಒಳ್ಳೇದಾಯ್ತು," ಎಂದರು.

ದಣಿ ತಾಲೂಕು ಆಫೀಸಿನ ಆಹಾರ ಅಧಿಕಾರಿಗೆ ಫೋನು ಹಚ್ಚಿದರು. ನಮ್ಮನ್ನು ಹೆದರಿಸಲೆಂದು ಸ್ಪೀಕರ್ ಹಾಕಿದರು.

"ನೋಡಿ ಸಾರ್, ಮಷಿನನ್ನು ನಮ್ಮ ಮನೆಗೆ ತಂದು ಗಲಾಟೆ ಮಾಡ್ತಾ ಇದ್ದಾರೆ."

"ನಿಮ್ಮಲ್ಲಿ ನೆಟ್‌ವರ್ಕ್ ಸಿಗ್ತದಾ?" ಅಧಿಕಾರಿಯ ದನಿಯಲ್ಲಿ ಸಂತೋಷವಿತ್ತು. "ನಿಮ್ಮ ಅಂಗಡಿಯದ್ದು ಒಂದೇ ಬಾಕಿ ಇದ್ದದ್ದು, ಮೇಲಿನಿಂದ ನನಗೆ ಬೈಗಳು. ತುಂಬ ಉಪಕಾರ ಆಯ್ತು ದೇವಿಪ್ರಸಾದರೇ. ಬೇರೆ ಜಾಗ ಆಗುವವರೆಗೆ ಪ್ರತಿ ತಿಂಗಳೂ ಅಲ್ಲೇ ಕೊಡಿ."

ಸೈನಬ ಚಪ್ಪಾಳೆ ತಟ್ಟಿದಳು. ದಣಿ ಫೋನು ಇಟ್ಟು ಒಳಗೆ ಹೋದವರು ಸಂಜೆಯವರೆಗೆ ಹೊರಗೆ ಬರಲಿಲ್ಲ.

ರಾಜೀವಿಯ ಹೆಬ್ಬೆರಳ ಗುರುತು ಮೂರು ಸಲ ಒತ್ತಿದರೂ ಬೀಳಲಿಲ್ಲ. ಹತ್ತನೆಯ ವಯಸ್ಸಿನಿಂದ ಬೀಡಿ ಸುತ್ತಿ ಗೆರೆಗಳೆಲ್ಲ ಸವೆದಿದ್ದವು. ಲತೇಶ್ ಗೊಣಗತೊಡಗಿದ. ಬಾಗಿಲಿನಲ್ಲಿದ್ದ ಶ್ರೀಪ್ರಿಯಮ್ಮ ಒಂದು ಸಲ ಒಳಗೆ ನೋಡಿದರು. ಆಮೇಲೆ ಸಾಬೂನು, ಚೆಂಬಿನಲ್ಲಿ ಬಿಸಿನೀರು ತಂದು ರಾಜೀವಿಯ ಕೈಗೆ ತಾವೇ ಸುರಿದರು. ಒರೆಸಿ ಒತ್ತಿದಾಗ ಮಷಿನ್ ಚೀಟಿ ಹೊರಗೆ ಹಾಕಿತು. ಅದನ್ನು ರಾಜೀವಿ ಎರಡೂ ಕೈಯಲ್ಲಿ ಹಿಡಿದು ನಗುತ್ತ ಕುಳಿತಳು.

ಎಂಟು ದಿನದೊಳಗೆ ಅಂಗಡಿ ಹಾಲಿನ ಡಿಪೋದ ಪಕ್ಕದ ಕೋಣೆಗೆ ಬಂತು. ಕನ್ನಡ ಬೋರ್ಡು, ಕೂರಲು ಬೆಂಚು, ಕುಡಿಯಲು ನೀರು. ಇಷ್ಟು ವರ್ಷ ಆಗದ್ದು ಇಷ್ಟು ಬೇಗ ಹೇಗಾಯಿತೆಂದು ಯಾರೂ ದಣಿಯನ್ನು ಕೇಳಲಿಲ್ಲ. ಹೊಸ ತಿಂಗಳ ಅಕ್ಕಿ ಕೊಡುವ ಮೊದಲ ದಿನ ನಮ್ಮ ಸಾಲು ಅರ್ಧ ಗಂಟೆಯಲ್ಲಿ ಮುಗಿಯುತ್ತ ಬಂತು.

"ಈಗ ಖುಷಿಯಾ?" ಎಂದು ಕೇಳಿದ ಲತೇಶ್, ಅಕ್ಕಿ ಸುರಿಯುತ್ತ.

ರಾಜೀವಿ ಚೀಲದಿಂದ ಒಂದು ಹಿಡಿ ಬಿಳಿ ಬೆಳ್ತಿಗೆ ಅಕ್ಕಿ ತೆಗೆದು ಬೆಳಕಿಗೆ ಹಿಡಿದು ನೋಡಿದಳು. "ಇದರ ಗಂಜಿ ಉಂಡ್ರೆ ಹತ್ತು ಗಂಟೆಗೇ ಹಸಿವಾಗ್ತದೆ ಮಾರಾಯ. ನಾವು ಉಣ್ಣುದು ಕುಚ್ಚಲಕ್ಕಿ. ಅದು ಯಾಕೆ ಕೊಡುದಿಲ್ಲ?"

"ಅದು ನನ್ನ ಕೈಯಲ್ಲಿ ಉಂಟಾ? ಮೇಲಿನವರು ಕಳಿಸಿದ್ದು ನಾನು ಕೊಡುದು."

"ಮೇಲಿನವರು ಅಂದ್ರೆ ಯಾರು?"

"ಮಂಗಳೂರಿನಲ್ಲಿ ದೊಡ್ಡ ಆಫೀಸರ್ ಇದ್ದಾರೆ."

"ಅವರ ಮನೆ ಎಲ್ಲಿ?"

ಲತೇಶ್ ನಗಲು ಹೊರಟವನು ಸಾಲಿನ ಕಡೆ ನೋಡಿದ. ಎಲ್ಲರೂ ಅವನ ಉತ್ತರಕ್ಕೆ ಕಾಯುತ್ತಿದ್ದೆವು.