ಜ್ವರದ ಕಲ್ಲುಗೂಡು

ಆಲೂಗಡ್ಡೆ ಎರಡನೆಯ ವರ್ಷವೂ ನೆಲದೊಳಗೇ ಕೊಳೆತು ಕರ್ರಗಾದ ಚಳಿಗಾಲದಲ್ಲಿ ಡನಖಾನಿಗೆ ಜ್ವರ ಹತ್ತಿತು. ಮೈಮೇಲೆ ಕಪ್ಪು ಕಲೆಗಳೆದ್ದ ದಿನವೇ ಅವನ ತಾಯಿ ಗೋಬ್ನಿಟ್ ತೀರ್ಮಾನ ಮಾಡಿಬಿಟ್ಟಳು. ಮನೆಯೆಂದರೆ ಒಂದೇ ಕೋಣೆ. ಅದರಲ್ಲಿ ಸೊಸೆ ಲೇಯನ್, ಇನ್ನೂ ಎದೆಹಾಲು ಬಿಡದ ಕೂಸು ನೋರಾ.

"ಇವನನ್ನ ಮೇಲಿನ ಕಲ್ಲುಗೂಡಿಗೆ ಕರ್ಕೊಂಡು ಹೋಗ್ತೀನಿ," ಎಂದಳು. "ಹುಡುಗಿಯಾಗಿದ್ದಾಗ್ಲೇ ನಂಗೆ ಈ ಜ್ವರ ಬಂದು ಹೋಗಿದೆ. ಒಂದ್ಸಲ ಬಂದವರ ಹತ್ರ ಅದು ಮತ್ತೆ ಸುಳಿಯಲ್ಲ."

"ಹಾಗಂತ ಜ್ವರ ನಿಮಗೆ ಮಾತು ಕೊಟ್ಟಿದೆಯಾ ಅತ್ತೆ?"

"ಕೊಟ್ಟಿಲ್ಲ. ನೀನು ಕೂಸನ್ನ ನೋಡ್ಕೋ, ಸಾಕು."

ಗುಡ್ಡದ ಆ ಗೂಡನ್ನು ಯಾವ ಕಾಲದಲ್ಲಿ ಯಾರು ಕಟ್ಟಿದರೋ ಊರಲ್ಲಿ ಬಲ್ಲವರಿರಲಿಲ್ಲ. ಗಾರೆಯಿಲ್ಲ, ಮರವಿಲ್ಲ. ಚಪ್ಪಟೆ ಕಲ್ಲಿನ ಮೇಲೆ ಚಪ್ಪಟೆ ಕಲ್ಲು, ಒಂದೊಂದು ವರಸೆಯೂ ತುಸು ತುಸುವೇ ಒಳಕ್ಕೆ ಸರಿಯುತ್ತ ನೆತ್ತಿಯಲ್ಲಿ ಒಂದೇ ಕಲ್ಲಿನಡಿ ಮುಚ್ಚಿಕೊಂಡಿತ್ತು. ಬಾಗಿಲೆಂಬುದು ತೆವಳಿ ನುಗ್ಗುವ ಕಿಂಡಿ. ಕಡಲಿನ ಗಾಳಿ ಎಷ್ಟೇ ಬಡಿದರೂ ಒಳಗೆ ಒಂದು ಹನಿ ನೀರು ಬೀಳುತ್ತಿರಲಿಲ್ಲ. ಗೋಬ್ನಿಟ್ ಮಗನನ್ನು ಹುಲ್ಲಿನ ಚಾಪೆಯ ಮೇಲೆ ಮಲಗಿಸಿ ಅದರೊಳಕ್ಕೆ ಎಳೆದುಕೊಂಡಳು.

ಲೇಯನ್ ದಿನಾ ಬಂದು ದೂರದ ಪಾಗಾರದ ಮೇಲೆ ಗಂಜಿಯ ಬಟ್ಟಲಿಟ್ಟು ಕೂಗುತ್ತಿದ್ದಳು. ಅವಳು ಇಳಿದುಹೋದ ಮೇಲೆ ಅತ್ತೆ ಹೊರಬಂದು ತೆಗೆದುಕೊಳ್ಳುತ್ತಿದ್ದಳು. ಡನಖಾ ಮಾತ್ರ ಗಂಜಿಯನ್ನು ಬಾಯಿಗೆ ಸೇರಿಸಲಿಲ್ಲ. "ದೋಣಿ ಎಳೀರೋ, ಅಲೆ ಬರ್ತಿದೆ," ಎಂದು ಕನವರಿಸುತ್ತ ಕನವರಿಸುತ್ತಲೇ ಒಂದು ಮುಂಜಾನೆ ತಣ್ಣಗಾದ. ಅಷ್ಟು ದಿನ ರೆಪ್ಪೆ ಮುಚ್ಚದ ಗೋಬ್ನಿಟ್ ಅವನ ಪಕ್ಕದಲ್ಲೇ ಉರುಳಿಕೊಂಡಳು. ನಿದ್ದೆಯೋ ಮಂಪರೋ, ಸೊಸೆಯ ಕೂಗು ಕಿವಿಗೆ ಬೀಳಲೇ ಇಲ್ಲ.

ತಲೆಯ ಮೇಲೆ ಕಲ್ಲು ಕರಕರ ಎಂದಾಗ ಎಚ್ಚರವಾಯಿತು. ನೆತ್ತಿಗಲ್ಲು ಅಲುಗಾಡುತ್ತಿತ್ತು, ಅದಕ್ಕೆ ಬಿಗಿದ ಹಗ್ಗ ಸಂದಿಯಲ್ಲಿ ಕಾಣುತ್ತಿತ್ತು.

"ಯಾರೋ ಅದು, ನನ್ನ ತಲೆ ಮೇಲೆ?"

ಹೊರಗೆ ಗಕ್ಕನೆ ಸದ್ದಡಗಿತು. ಯಾರೋ ಮೇರಿಮಾತೆಯ ಹೆಸರು ಹೇಳಿದರು.

"ಗೋಬ್ನಿಟಕ್ಕಾ? ಬದುಕಿದೀಯಾ?" ನೆರೆಮನೆಯ ಲೌರಾಸನ ದನಿ.

"ಸತ್ತವಳು ಹೀಗೆ ಬೈತಾಳೇನೋ ಮಂಕೇ! ಮೊದಲು ಹಗ್ಗ ಬಿಡು!"

ತೆವಳಿಕೊಂಡು ಹೊರಬಂದಳು. ಲೌರಾಸ ಮತ್ತು ಅವನ ಅಣ್ಣ ನಾಲ್ಕು ಹೆಜ್ಜೆ ಹಿಂದೆ ಸರಿದರು. ಪಾಗಾರದಾಚೆ ಲೇಯನ್ ಕೂಸನ್ನು ಶಾಲಿನೊಳಗೆ ಅವುಚಿಕೊಂಡು ನಿಂತಿದ್ದಳು. ಮುಟ್ಟದೆ ಉಳಿದಿದ್ದ ಬಟ್ಟಲು ಕಂಡು, ಒಳಗಿನ ಇಬ್ಬರೂ ಸತ್ತರೆಂದುಕೊಂಡು ಇವರನ್ನು ಕರೆತಂದವಳು ಅವಳೇ. ಜ್ವರದ ಹೆಣವನ್ನು ಹೊರುವವರಿರಲಿಲ್ಲ, ಪೆಟ್ಟಿಗೆಗೆ ಹಲಗೆಯಿರಲಿಲ್ಲ. ಸತ್ತವರ ಮೇಲೆ ಅವರ ಸೂರನ್ನೇ ಕೆಡವಿ ಬರುತ್ತಿದ್ದ ಕಾಲ ಅದು.

"ಡನಖಾ ಹೋದ," ಎಂದಳು ಗೋಬ್ನಿಟ್.

ಲೇಯನ್ ಪಾಗಾರಕ್ಕೆ ಒರಗಿ ಹಾಗೇ ಕುಸಿದಳು.

ಲೌರಾಸ ನೆಲ ನೋಡುತ್ತ, "ಕೆಡವದೆ ಬೇರೆ ದಾರಿಯಿಲ್ಲ ಅಕ್ಕ. ನೀನು ಈಚೆ ನಿಂತ್ಕೋ," ಎಂದ.

"ಸ್ವಲ್ಪ ತಡಿ. ಅಷ್ಟೆತ್ತರದಿಂದ ಕಲ್ಲು ಅವನ ಮುಖದ ಮೇಲೆ ಬೀಳೋದು ಬೇಡ."

ಮತ್ತೆ ಒಳಹೋದಳು. ತನ್ನ ತಲೆವಸ್ತ್ರದಿಂದ ಮಗನ ಮುಖ ಮುಚ್ಚಿದಳು. ಸುತ್ತಲಿನ ಸಣ್ಣ ಕಲ್ಲುಗಳನ್ನು ಆಯ್ದು ತಂದು ಕಾಲಿನಿಂದ ಎದೆಯವರೆಗೆ, ಎದೆಯಿಂದ ಹಣೆಯವರೆಗೆ, ನಿದ್ದೆಯ ಮಗುವಿಗೆ ಹೊದಿಸುವಂತೆ ಒಂದೊಂದೇ ಇಟ್ಟಳು. ಗಂಡಸರು ಮಳೆಯಲ್ಲಿ ನೆನೆಯುತ್ತ ಕಾದರು. ಅವಳು ಹೊರಬಂದ ಮೇಲೆ ಹಗ್ಗ ಜಗ್ಗಿದರು. ನೆತ್ತಿಗಲ್ಲು ಉರುಳಿದ್ದೇ ತಡ, ಗೂಡು ಗುಡುಗಿನಂತೆ ಒಳಗೊಳಗೇ ಕುಸಿಯಿತು.

ಗೋಬ್ನಿಟ್ ಮನೆಯ ಕಡೆ ಹೆಜ್ಜೆಯಿಟ್ಟಳು. ಲೇಯನ್ ಎದ್ದು ಹಿಂದೆ ಸರಿದಳು.

"ಬರ್ಬೇಡಿ ಅತ್ತೆ. ಕೂಸಿದೆ." ಅವಳು ಶಾಲನ್ನು ಕೂಸಿನ ಮೇಲೆ ಎಳೆದುಕೊಂಡಳು. "ನನ್ನ ಬೈಕೊಳ್ಳಿ, ಶಾಪ ಹಾಕಿ. ಆದ್ರೆ ಬರ್ಬೇಡಿ."

"ಬೈಯೋದೇನು ಬಂತು? ಕೂಸಿಗೋಸ್ಕರ ತಾನೇ ನಾನೂ ಮೇಲೆ ಹೋಗಿದ್ದು."

ಕೆಳಗಿನ ಇಳಿಜಾರಿನಲ್ಲಿ ಕುರಿಗಳ ಗೂಡೊಂದಿತ್ತು, ನೆಟ್ಟಗೆ ಕೂರಲೂ ಎತ್ತರ ಸಾಲದ್ದು. ಅಲ್ಲಿ ಉಳಿದಳು. ಜ್ವರ ಅವಳ ಹತ್ತಿರ ಸುಳಿಯಲಿಲ್ಲ. ಆದರೂ ಊರಿನವರು ನಂಬಲಿಲ್ಲ, ಲೇಯನ್‌ಗೂ ಧೈರ್ಯ ಸಾಲಲಿಲ್ಲ. ಪಾಗಾರದ ಮೇಲಿನ ಬಟ್ಟಲಿನಲ್ಲಿ ಗಂಜಿ ನೀರಾಯಿತು, ನೀರು ಹೋಗಿ ಬೇಯಿಸಿದ ಕಡಲಕಳೆಯಾಯಿತು. ಗೋಬ್ನಿಟ್ ಅರ್ಧ ತಿಂದು, "ನಂಗೆ ಜಾಸ್ತಿಯಾಯ್ತು, ನೀನೇ ತಿನ್ನು, ಹಾಲು ಬತ್ತೀತು," ಎಂದು ಕೂಗಿ ಹೇಳುತ್ತಿದ್ದಳು. ಅವಳು ಮುಟ್ಟಿದ್ದನ್ನು ಲೇಯನ್ ತಿನ್ನುವಂತಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಇಬ್ಬನಿ ಕರಗುವ ಹೊತ್ತಿನಲ್ಲಿ ಒಂದು ದಿನ ಲೇಯನ್ ಬರಿಗೈಯಲ್ಲಿ ಬಂದಳು. ಪಾಗಾರದ ಹತ್ತಿರ ನಿಲ್ಲಲಿಲ್ಲ. ದಾಟಿ ನೇರ ಕುರಿಗೂಡಿನ ಕಿಂಡಿಯ ಮುಂದೆ ಬಂದು ಮಂಡಿಯೂರಿದಳು. ಶಾಲು ಎದೆಯ ಮೇಲೆ ಸಡಿಲವಾಗಿ ಜೋತುಬಿದ್ದಿತ್ತು.

"ಹತ್ರ ಬರ್ಬೇಡ್ವೇ ಹುಚ್ಚಿ!" ಗೋಬ್ನಿಟ್ ಗದರಿದಳು. "ಕೂಸೆಲ್ಲಿ?"

"ಜ್ವರ ಅಲ್ಲ ಅತ್ತೆ. ಹಾಲು ಬತ್ತಿಹೋಗಿತ್ತು. ನಿನ್ನೆಯಿಂದ ಅಳೋದನ್ನೂ ನಿಲ್ಲಿಸಿತ್ತು. ರಾತ್ರಿ ಹೋಗ್ಬಿಡ್ತು." ಲೇಯನ್ ಕತ್ತಲೊಳಕ್ಕೆ ಕೈ ಚಾಚಿದಳು. "ಏಳಿ, ಮನೆಗೆ ಹೋಗೋಣ. ಇನ್ಯಾರಿಗೆ ಅಂತ ಹೆದರೋದು?"

ಗೋಬ್ನಿಟ್‌ಗೆ ಬೆನ್ನು ನೆಟ್ಟಗಾಗಲಿಲ್ಲ. ಸೊಸೆಯ ತೋಳು ಹಿಡಿದು, ಬಾಗಿಕೊಂಡೇ ಗುಡ್ಡ ಇಳಿದಳು.